ಸಹಾಯ ಯಾಚಿಸುವವರಿಗೂ ಶಿಕ್ಷಣ ಬೇಡವೇ?



ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬರೆಯುವಂತೆ ನಾನೂ ಸಿದ್ಧಕಟ್ಟೆಯ ಕಡೆಯಿಂದ ಶಾಲೆಗೆ ಬರುತ್ತಿದ್ದ ಮಳೆಗಾಲದ ಬೆಳಗುಗಳನ್ನೂ, ತುಂಬಿ ಹರಿಯುವ ತೋಡುಗಳನ್ನೂ, ಕೊಡೆಯ ಮರೆಯಲ್ಲಿ ಒದ್ದೆಯಾಗದಂತೆ ಕಾಪಾಡಿದ ಪುಸ್ತಕದ ಚೀಲವನ್ನೂ ಕುರಿತು ಬರೆಯೋಣವೆಂದು ಎಣಿಸಿದ್ದೆನು. ಆದರೆ ಅದೇ ಲಕೋಟೆಯೊಳಗೆ ಇನ್ನೊಂದು ಕಾಗದವೂ ಇದ್ದಿತು. ಅದು, ಶಾಲೆಯ ಹಳೆಯ ಕಟ್ಟಡದ ಮಾಡು ಸೋರುತ್ತಿರುವುದರಿಂದ ಹಿತೈಷಿಗಳು ಯಥಾಶಕ್ತಿ ಧನಸಹಾಯ ಮಾಡಬೇಕೆಂಬ ವಿಜ್ಞಾಪನೆ. ಅದನ್ನು ನಾನು ಎರಡು ಸಲ ಓದಿದೆನು. ಮಾಡು ಎಷ್ಟು ಚದರಡಿ, ಒಡೆದ ಹೆಂಚುಗಳನ್ನಷ್ಟೇ ಬದಲಿಸುವುದೋ ಪಕ್ಕಾಸುಗಳನ್ನೂ ತೆಗೆಯಬೇಕೋ, ಒಟ್ಟು ವೆಚ್ಚವೇನು, ಕೈಯಲ್ಲಿರುವುದೆಷ್ಟು, ಕೆಲಸ ಯಾವ ತಿಂಗಳಲ್ಲಿ ಮುಗಿಯುವುದು, ಉಳಿದ ಹಣ ಯಾವ ಲೆಕ್ಕಕ್ಕೆ ಸೇರುವುದು, ಇವುಗಳಲ್ಲಿ ಒಂದೂ ಅದರೊಳಗೆ ಇರಲಿಲ್ಲ. 'ಯಥಾಶಕ್ತಿ' ಎಂಬ ಮಾತು ಮಾತ್ರ ಮೂರು ಕಡೆ ಇದ್ದಿತು.

ಇದನ್ನು ನಾನು ದೂರಾಗಿ ಬರೆಯುತ್ತಿಲ್ಲ. ಆ ವಿಜ್ಞಾಪನೆಯನ್ನು ಬರೆದವರು ಆಫೀಸಿನ ಗುಮಾಸ್ತೆಯವರೆಂದು ಅನಂತರ ವಿಚಾರಿಸಿ ತಿಳಿದೆನು. ಅವರು ಹಗಲಿಡೀ ಮಕ್ಕಳ ಫೀಜು, ಉಪಾಧ್ಯಾಯಿನಿಯರ ಸಂಬಳದ ಬಿಲ್ಲು, ಬಿಸಿಯೂಟದ ಅಕ್ಕಿಯ ಲೆಕ್ಕ, ಸರಕಾರದ ಕಂಪ್ಯೂಟರಿಗೆ ತುಂಬಬೇಕಾದ ಸ್ಯಾಟ್ಸ್ ವಿವರ, ಇಷ್ಟನ್ನೂ ಮಾಡಿ, ಮನೆಗೆ ಹೋಗುವ ಬಸ್ಸಿಗೆ ಅರ್ಧ ತಾಸು ಇರುವಾಗ ಅದನ್ನು ಬರೆದರಂತೆ. ಹೇಗೆ ಬರೆಯಬೇಕೆಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಬೇಕೆಂದು ಯಾರಿಗೂ ತೋರಲೂ ಇಲ್ಲ.

ನೋಡಿರಿ, ಶಾಲೆಯಲ್ಲಿ ಪಾಠ ಹೇಳುವವರಿಗೆ ಬಿ.ಎಡ್. ಬೇಕು. ಮಕ್ಕಳನ್ನು ಕರೆತರುವ ವಾಹನದ ಚಾಲಕನಿಗೆ ಪರವಾನಗಿ ಬೇಕು. ವರ್ಷಾಂತ್ಯದ ಜಮಾಖರ್ಚಿಗೆ ಸಹಿ ಮಾಡುವವರು ಕಠಿಣ ಪರೀಕ್ಷೆಗಳನ್ನು ದಾಟಿ ಬಂದಿರಬೇಕು. ಆದರೆ ಈ ಎಲ್ಲರನ್ನೂ ನಡೆಸುವ ಹಣಕ್ಕಾಗಿ ಪರರ ಮುಂದೆ ಕೈಯೊಡ್ಡುವವರಿಗೆ, ಶಾಲೆಯ ಸಮಾಚಾರವನ್ನು ಲೋಕಕ್ಕೆ ತಿಳಿಸುವವರಿಗೆ, ಯಾವ ಅಭ್ಯಾಸವೂ ಬೇಡವೆಂದು ನಾವು ಭಾವಿಸಿದ್ದೇವೆ. ಮೊಬೈಲು ಇರುವ ಕಿರಿಯ ಉಪಾಧ್ಯಾಯಿನಿಗೆ ಚಿತ್ರ ತೆಗೆಯುವ ಕೆಲಸ, ಅಕ್ಷರ ಚೆನ್ನಾಗಿರುವವರಿಗೆ ಪತ್ರ ಬರೆಯುವ ಕೆಲಸ, ಸಂಕೋಚವಿಲ್ಲದವರಿಗೆ ಮನೆಮನೆಗೆ ಹೋಗುವ ಕೆಲಸ, ಹೀಗೆ ಹಂಚಿಕೊಟ್ಟು ಸುಮ್ಮನಾಗುತ್ತೇವೆ. ಇದು ಸರಿಯಲ್ಲವೆಂಬುದೇ ನನ್ನ ಅಭಿಪ್ರಾಯ.

'ಬೇಡುವುದಕ್ಕೂ ಪಾಠವೇ? ನಮ್ಮ ಹಿರಿಯರು ಯಾವ ತರಬೇತಿಯನ್ನು ಪಡೆದು ಶಾಲೆಗಳನ್ನು ಕಟ್ಟಿದರು?' ಎಂದು ಕೇಳುವವರುಂಟು. ಪಡೆದಿದ್ದರು, ಆದರೆ ಅದಕ್ಕೆ ತರಬೇತಿಯೆಂಬ ಹೆಸರು ಇರಲಿಲ್ಲ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿಯನ್ನು ಬೇರೆ ಮಡಕೆಗೆ ಹಾಕಿ ಧರ್ಮಕಾರ್ಯಕ್ಕೆ ಕೂಡಿಸುವ ಪದ್ಧತಿಯನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಇಗರ್ಜಿಯ ಹಬ್ಬದ ದಿನ ಮೊದಲ ಹಲಸಿನ ಹಣ್ಣು, ಬಾಳೆಗೊನೆ, ಹುಂಜ ಇವುಗಳನ್ನು ಏಲಂ ಹಾಕುವಾಗ ಕೂಗುವವನೊಬ್ಬ, ಬರೆಯುವವನೊಬ್ಬ, ಹಣ ಎಣಿಸುವವನೊಬ್ಬ. ಎಷ್ಟಕ್ಕೆ ಹೋಯಿತೆಂಬುದು ಅಂಗಳದಲ್ಲಿ ನಿಂತವರೆಲ್ಲರ ಕಿವಿಗೂ ಬೀಳುತ್ತಿತ್ತು. ಶಾಲೆಯ ಸಹಾಯಾರ್ಥವಾಗಿ ಯಕ್ಷಗಾನದ ಟಿಕೆಟು ಆಟ ಮಾಡಿಸಿದರೆ, ಮಾರಾಟವಾಗದೆ ಉಳಿದ ಟಿಕೆಟುಗಳನ್ನೂ ಎಣಿಸಿ ಒಪ್ಪಿಸಬೇಕಾಗಿತ್ತು. ಕೊಡುವುದೂ ಕೇಳುವುದೂ ಲೆಕ್ಕ ಹೇಳುವುದೂ ಹತ್ತು ಜನರ ಕಣ್ಣೆದುರಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಹುಡುಗರು ಹಿರಿಯರ ಬೆನ್ನ ಹಿಂದೆ ನಿಂತು ಆ ವಿದ್ಯೆಯನ್ನು ಕಲಿತರು. ಈಗ ಕೊಡುವವಳು ಮುಂಬಯಿಯಲ್ಲಿದ್ದಾಳೆ, ಕುವೈತಿನಲ್ಲಿದ್ದಾಳೆ. ಕೊಡುವುದು ಫೋನಿನ ಮೇಲೆ ಬೆರಳಿಟ್ಟು. ಅಂಗಳವಿಲ್ಲ, ಕೂಗುವವನಿಲ್ಲ. ಆದಕಾರಣ ಅಂಗಳವು ತಾನಾಗಿ ಕಲಿಸಿದುದನ್ನು ಇನ್ನು ನಾವು ಎಣಿಸಿಕೊಂಡು ಕಲಿಸಬೇಕಾಗಿದೆ.

ನಮ್ಮ ಜಿಲ್ಲೆಯ ಮಿಷನ್ ಶಾಲೆಗಳ ಇತಿಹಾಸವನ್ನೇ ತೆಗೆದುಕೊಳ್ಳಿರಿ. ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದುದು ೧೮೩೪ರಲ್ಲಿ. ಅವರ ಶಾಲೆಗಳಿಗೂ ಮುದ್ರಾಲಯಕ್ಕೂ ಹಣ ಎಲ್ಲಿಂದ ಬಂತು? ಯಾರೋ ಶ್ರೀಮಂತರು ಪೆಟ್ಟಿಗೆ ತೆರೆದು ಕೊಟ್ಟರೆಂದು ನಾನು ಬಹುಕಾಲ ನಂಬಿದ್ದೆನು. ಶ್ರೀಮಂತರೂ ಕೊಟ್ಟರು ನಿಜ. ಆದರೆ ಮಿಷನು ಸಾಲದಲ್ಲಿ ಸಿಕ್ಕಿಕೊಂಡಿದ್ದಾಗ, ೧೮೫೫ರಲ್ಲಿ, ಬಾಸೆಲಿನ ವ್ಯಾಪಾರಸ್ಥ ಕಾರ್ಲ್ ಸಾರಾಸಿನರು 'ಅರ್ಧ ಬಾಟ್ಸೆನ್' ಸಂಗ್ರಹವೆಂಬುದನ್ನು ಆರಂಭಿಸಿದರು. ಬಾಟ್ಸೆನ್ ಎಂಬುದು ಆ ದೇಶದ ಒಂದು ಸಣ್ಣ ನಾಣ್ಯ. ಅದರ ಅರ್ಧವೆಂದರೆ ಐದು ರಾಪೆನ್. ವಾರಕ್ಕೆ ಅಷ್ಟನ್ನು ಮಾತ್ರ ಕೊಟ್ಟರೆ ಸಾಕು. ಸಂಗ್ರಾಹಕರು ಗೊತ್ತಾದ ಮನೆಗಳಿಗೆ ಹೋಗಿ ಅದನ್ನು ಪಡೆಯುವರು. ಕೊಟ್ಟವರಿಗೆ ಮಿಷನಿನ ವರ್ತಮಾನಗಳುಳ್ಳ ಸಣ್ಣ ಪತ್ರಿಕೆಯೂ ದೊರೆಯುವುದು. ಸ್ವಿಟ್ಸರ್ಲೆಂಡಿನ ಮತ್ತು ದಕ್ಷಿಣ ಜರ್ಮನಿಯ ಒಕ್ಕಲಿಗರೂ ಕೆಲಸದ ಹೆಂಗಸರೂ ಕೊಟ್ಟ ಈ ಚಿಲ್ಲರೆ ಕಾಸು ಮಿಷನಿನ ಸ್ಥಿರವಾದ ವರಮಾನಗಳಲ್ಲಿ ಒಂದಾಯಿತು. ಇದರಲ್ಲಿ ಗಮನಿಸತಕ್ಕದ್ದೇನಂದರೆ, ಕೇಳಿದ ಮೊತ್ತವು ಗೊತ್ತಾಗಿತ್ತು, ಕೇಳುವ ದಿನವು ಗೊತ್ತಾಗಿತ್ತು, ಕೊಟ್ಟ ಮೇಲೆ ಸಮಾಚಾರ ಬರುವುದೂ ಗೊತ್ತಾಗಿತ್ತು. 'ಯಥಾಶಕ್ತಿ' ಅಲ್ಲಿ ಇರಲಿಲ್ಲ.

ಇನ್ನೂ ಹತ್ತಿರದ ದೃಷ್ಟಾಂತ ಬೇಕಾದರೆ ಉಡುಪಿಗೆ ಹೋಗೋಣ. ೧೯೨೫ರಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು (ಅದು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು) ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಹೂಡಿತು. ದಿನಕ್ಕೆ ಎರಡಾಣೆ, ಬ್ಯಾಂಕಿನ ಪ್ರತಿನಿಧಿಯೇ ಅಂಗಡಿಯ ಬಾಗಿಲಿಗೆ, ಮನೆಯ ಜಗಲಿಗೆ ಬರುವನು. ಇದು ದಾನವಲ್ಲ, ಉಳಿತಾಯ; ಅವರವರ ಹಣ ಅವರವರಿಗೇ ಹಿಂದಕ್ಕೆ ಬರುವುದು. ಆದರೂ ಹೊಸಬರ ಬಾಗಿಲಿನ ಮುಂದೆ ನಿಂತು, ಅವರ ಬೆವರಿನ ಕಾಸನ್ನು ಕೈಗೆ ತೆಗೆದುಕೊಂಡು, ಅವರ ಕಣ್ಣೆದುರೇ ಬರೆದುಕೊಡುವ ಶಿಸ್ತನ್ನು ನಮ್ಮ ಜಿಲ್ಲೆಯ ಎಷ್ಟೋ ಮಂದಿ ಅಲ್ಲಿ ಕಲಿತರು. ಬೀಡಿ ಕಟ್ಟಿ ಮನೆ ನಡೆಸುವ ತಾಯಂದಿರು ಇಂದಿಗೂ ಯಾರನ್ನು ನಂಬಿ ಹಣ ಕೊಡುತ್ತಾರೆಂಬುದನ್ನು ವಿಚಾರಿಸಿದರೆ, ಪುಸ್ತಕದಲ್ಲಿ ಆಗಲೇ ಬರೆದುಕೊಡುವವರನ್ನು ಎಂಬುದೇ ಉತ್ತರ.

ಇಷ್ಟು ಲೆಕ್ಕದ ಮಾತಾಯಿತು. ಬರವಣಿಗೆಯ ಮಾತು ಇದಕ್ಕಿಂತಲೂ ಸೂಕ್ಷ್ಮವಾದದ್ದು. ನಾನು ಈ ಲೇಖನವನ್ನು ಬರೆಯಲಿಕ್ಕೆ ಮುಖ್ಯ ಕಾರಣವೂ ಅದೇ.

ಅದೇ ಮಿಷನಿನವರು ಎರಡು ವಿಧದ ಪತ್ರಿಕೆಗಳನ್ನು ಅಚ್ಚುಹಾಕಿದರು. ೧೮೪೩ರ ಜುಲೈ ತಿಂಗಳಲ್ಲಿ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆ ಅದೇ ಎಂಬುದನ್ನು ನೀವೆಲ್ಲರೂ ಬಲ್ಲಿರಿ. ಅದು ನಮ್ಮೊಡನೆ ಆಡಿದ ಮಾತು. ತಪ್ಪಿದರೆ ಮರುದಿನ ಪೇಟೆಯಲ್ಲೇ ಯಾರಾದರೂ ತಿದ್ದಬಹುದಾಗಿತ್ತು. ಆದರೆ ಬಾಸೆಲಿನಲ್ಲಿ ೧೮೨೮ರಿಂದಲೇ ಜರ್ಮನ್ ಭಾಷೆಯಲ್ಲಿ ಇನ್ನೊಂದು ಪತ್ರಿಕೆ ಹೊರಡುತ್ತಿತ್ತು. ದಾನಿಗಳು ಓದುತ್ತಿದ್ದುದು ಅದನ್ನು. ಅನ್ಯಮತಸ್ಥರ ಸಮಾಚಾರವನ್ನು ತರುವ ದೂತನೆಂಬ ಅರ್ಥವು ಅದರ ಹೆಸರಿನಲ್ಲೇ ಇದ್ದಿತು. ಅದು ನಮ್ಮನ್ನು ಕುರಿತು, ನಮಗೆ ತಿಳಿಯದ ಭಾಷೆಯಲ್ಲಿ, ನಮ್ಮ ಬೆನ್ನ ಹಿಂದೆ ಆಡಿದ ಮಾತು. ಅಂಥಾ ಪತ್ರಿಕೆಗಳಲ್ಲಿ ಪ್ರೀತಿಯಿಂದ ಬರೆದ ಪತ್ರಗಳೂ, ಈ ನಾಡಿನ ಆಚಾರ ವಿಚಾರಗಳ ಬೆಲೆಯುಳ್ಳ ವರ್ಣನೆಗಳೂ ಉಂಟು. ಆದರೆ ಕತ್ತಲೆಯನ್ನು ಹೆಚ್ಚು ಕಪ್ಪಾಗಿ ಬರೆದಷ್ಟೂ ದೀಪಕ್ಕೆ ಎಣ್ಣೆ ಹೆಚ್ಚು ಬೀಳುವುದೆಂಬ ಆಸೆಯು ದೂರದ ದಾನಿಗೆ ಬರೆಯುವ ಯಾವನನ್ನೂ ಬಿಡುವುದಿಲ್ಲ. ಇದು ಆ ಕಾಲದ ಪಾದ್ರಿಗಳ ದೋಷವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನಾವೂ ಅದನ್ನೇ ಮಾಡುತ್ತೇವೆ.

ನನ್ನದೇ ಒಂದು ಸಂಗತಿಯನ್ನು ಹೇಳುವೆನು. ಈ ಶಾಲೆಗೆ ಸೇರುವುದಕ್ಕೆ ಮುಂಚೆ ನಾನು ಬೇರೊಂದು ಊರಿನ ವಿದ್ಯಾರ್ಥಿನಿಲಯದಲ್ಲಿ ಎರಡು ವರ್ಷವಿದ್ದೆನು. ಅದರ ಹೆಸರು ಇಲ್ಲಿ ಬೇಡ. ಒಂದು ದಿನ ಅಲ್ಲಿಗೆ ಒಬ್ಬರು ಕ್ಯಾಮರಾ ತೆಗೆದುಕೊಂಡು ಬಂದರು. ನನ್ನ ಜಡೆಯ ಹೊಸ ರಿಬ್ಬನನ್ನು ಬಿಚ್ಚಿಸಿ, ಚಪ್ಪಲಿಯನ್ನು ತೆಗೆಯಿಸಿ, ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಚಿತ್ರ ತೆಗೆದರು. ನಗಬಾರದೆಂದರು. ನನಗೆ ಅದೊಂದು ಸಂಭ್ರಮ. ಚಿತ್ರದ ಪ್ರತಿ ಸಿಗುವುದೆಂದು ಕಾದೆನು, ಸಿಗಲಿಲ್ಲ. ಇಪ್ಪತ್ತು ವರ್ಷಗಳು ಕಳೆದ ಮೇಲೆ, ಪರಿಚಿತರೊಬ್ಬರ ಮನೆಯಲ್ಲಿ ಹಳೆಯ ಕಾಗದಗಳ ನಡುವೆ ಒಂದು ಕಿರುಪುಸ್ತಕ ಕಣ್ಣಿಗೆ ಬಿತ್ತು. ಅದರ ಎರಡನೆಯ ಪುಟದಲ್ಲಿ ನಾನು ನಿಂತಿದ್ದೆನು. ತಂದೆಯಿಲ್ಲದ ಬಾಲಿಕೆ, ದಿನಕ್ಕೆ ಒಂದೇ ಹೊತ್ತು ಉಣ್ಣುವವಳು ಎಂದು ಕೆಳಗೆ ಬರೆದಿತ್ತು. ನನ್ನ ಅಪ್ಪ ಆಗ ಸಿದ್ಧಕಟ್ಟೆಯ ನಮ್ಮ ಸಣ್ಣ ಗದ್ದೆಯಲ್ಲಿ ಉಳುತ್ತಿದ್ದರು. ಅಮ್ಮ ರಾತ್ರಿ ಹತ್ತು ಗಂಟೆಯವರೆಗೆ ಬೀಡಿ ಕಟ್ಟಿ, ಆ ಹಣದಿಂದ ಆ ರಿಬ್ಬನನ್ನೂ ಚಪ್ಪಲಿಯನ್ನೂ ತಂದುಕೊಟ್ಟಿದ್ದರು. ನಾವು ಬಡವರೆಂಬುದು ನಿಜ. ಆದರೆ ಮೂರು ಹೊತ್ತು ಗಂಜಿಗೆ ನಮ್ಮ ಮನೆಯಲ್ಲಿ ಎಂದೂ ತತ್ವಾರವಿರಲಿಲ್ಲ. ಅಪ್ಪನವರು ಆ ಪುಸ್ತಕವನ್ನು ನೋಡದೆಯೇ ತೀರಿಹೋದರೆಂಬುದೊಂದೇ ನನಗೆ ಸಮಾಧಾನ.

ಆ ಪುಸ್ತಕದಿಂದ ಬಂದ ಹಣದಲ್ಲಿ ನಾನೂ ಉಂಡಿರಬೇಕು, ಓದಿರಬೇಕು. ಅದನ್ನು ನಾನು ಮರೆಯುವುದಿಲ್ಲ. ಅದನ್ನು ಬರೆದವರು ದುಷ್ಟರೂ ಅಲ್ಲ; ಮಕ್ಕಳಿಗಾಗಿ ಊರೂರು ತಿರುಗಿ ದುಡಿದವರು. ಆದರೆ, ನೀವು ಬರೆದುದನ್ನು ಈ ಹುಡುಗಿಯೇ ಮುಂದೆ ಓದುವಳು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಷ್ಟನ್ನು ಹೇಳಿಕೊಡಲಿಕ್ಕಾದರೂ ಒಂದು ಪಾಠಶಾಲೆ ಬೇಡವೇ?

ಈಗಿನ ಕಾಲದಲ್ಲಿ ಈ ವಿಷಯವು ಹೆಚ್ಚು ಕಠಿನವಾಗಿದೆ. ಆ ಕಿರುಪುಸ್ತಕವು ಕೆಲವು ಮನೆಗಳ ಕಪಾಟಿನಲ್ಲಿ ಗೆದ್ದಲು ತಿಂದು ಹೋಯಿತು. ಇಂದು ವಾಟ್ಸಪ್ಪಿನಲ್ಲಿ ಕಳುಹಿಸಿದ ಚಿತ್ರವನ್ನು ಹಿಂದಕ್ಕೆ ಕರೆಯಲಿಕ್ಕೆ ಯಾರಿಂದಲೂ ಆಗದು. ವ್ಯಕ್ತಿಗಳ ಖಾಸಗಿ ವಿವರಗಳ ರಕ್ಷಣೆಗಾಗಿ ೨೦೨೩ರಲ್ಲಿ ಅಂಗೀಕೃತವಾದ ಕಾನೂನು ಹದಿನೆಂಟು ವರ್ಷ ತುಂಬದವರ ವಿವರಕ್ಕೆ ತಾಯಿತಂದೆಗಳ ಒಪ್ಪಿಗೆ ಬೇಕೆಂದು ವಿಧಿಸಿದೆ. ಕಾನೂನಿದ್ದರೂ ಇಲ್ಲದಿದ್ದರೂ, ಪೋಷಕರೇ, ನಿಮ್ಮ ಮಗಳ ಚಿತ್ರವನ್ನು ತೆಗೆದವರೊಡನೆ ಅದರ ಕೆಳಗೆ ಏನು ಬರೆಯುತ್ತೀರೆಂದು ಕೇಳಲಿಕ್ಕೆ ನೀವು ಸಂಕೋಚಪಡಬೇಡಿರಿ.

ಕಾನೂನಿನ ಮಾತು ಬಂದುದರಿಂದ ಹಳೆಯ ವಿದ್ಯಾರ್ಥಿನಿಯರಿಗೆ ಉಪಯೋಗವಾಗುವ ಒಂದೆರಡನ್ನು ಇಲ್ಲೇ ಹೇಳಿಬಿಡುವೆನು. ಪರದೇಶದಲ್ಲಿ ದುಡಿಯುತ್ತಿದ್ದರೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ನಮ್ಮ ಸೋದರಿಯು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಶಾಲೆಗೆ ಹಣ ಕಳುಹಿಸಿದರೆ ಅದು ವಿದೇಶೀ ವಂತಿಗೆಯೆನಿಸುವುದಿಲ್ಲ. ಆದರೆ ಆಕೆಯು ಬೇರೆ ದೇಶದ ಪೌರತ್ವವನ್ನು ಪಡೆದವಳಾದರೆ, ಇದೇ ಊರಿನಲ್ಲಿ ಹುಟ್ಟಿದವಳಾದರೂ, ಆಕೆಯ ಹಣವು ವಿದೇಶೀ ವಂತಿಗೆಯೇ ಸರಿ. ೨೦೧೦ರ ಕಾನೂನಿನ ಪ್ರಕಾರ ಅನುಮತಿ ಇಲ್ಲದ ಸಂಸ್ಥೆಯು ಅದನ್ನು ಸ್ವೀಕರಿಸಕೂಡದು. ೨೦೨೦ರ ತಿದ್ದುಪಡಿಯ ಮೇಲೆ ಅದು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿಯ ಮುಖ್ಯ ಶಾಖೆಯ ಖಾತೆಗೇ ಬರತಕ್ಕದ್ದು. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಇಬ್ಬರು ಗೆಳತಿಯರ ಒಂದೇ ಮೊತ್ತದ ಹಣಕ್ಕೆ ಎರಡು ದಾರಿ! ಗುಮಾಸ್ತೆಯವರಿಗೆ ಇದು ತಿಳಿಯದಿದ್ದರೆ, ಪ್ರೀತಿಯಿಂದ ಬಂದ ಕಾಣಿಕೆಯು ಶಾಲೆಗೆ ಆಪತ್ತನ್ನು ತರಬಹುದು. ಹಾಗೆಯೇ ಆದಾಯ ತೆರಿಗೆಯ ರಿಯಾಯಿತಿಯನ್ನು ಬಯಸುವವರು ಎರಡು ಸಾವಿರ ರೂಪಾಯಿಗೆ ಮೀರಿದುದನ್ನು ನಗದಾಗಿ ಕೊಟ್ಟರೆ ಆ ರಿಯಾಯಿತಿ ದೊರೆಯದು.

ಇನ್ನೊಂದು ಕಳಂಕವನ್ನೂ ಹೇಳದೆ ಬಿಡಕೂಡದು. 'ಡೊನೇಶನ್' ಎಂಬ ಶಬ್ದವೇ ನಮ್ಮ ರಾಜ್ಯದಲ್ಲಿ ಕೆಟ್ಟುಹೋಗಿದೆ. ಶಾಲೆಗೆ ಸೇರಿಸಿಕೊಳ್ಳುವಾಗ ಮೇಜಿನ ಕೆಳಗಿನಿಂದ ತೆಗೆದುಕೊಳ್ಳುವ ಹಣಕ್ಕೆ ಜನರು ಆ ಹೆಸರನ್ನೇ ಇಟ್ಟಿದ್ದಾರೆ. ೧೯೮೪ರಲ್ಲಿ ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾನೂನನ್ನೇ ಮಾಡಬೇಕಾಯಿತು. ಆದುದರಿಂದ ಜೂನ್ ತಿಂಗಳಲ್ಲಿ, ಮಕ್ಕಳನ್ನು ಸೇರಿಸುವ ಮೇಜಿನ ಪಕ್ಕದಲ್ಲಿಯೇ, ಕಟ್ಟಡ ನಿಧಿಯ ರಶೀದಿ ಪುಸ್ತಕವನ್ನು ಇಡುವವರು ಎಷ್ಟು ಪ್ರಾಮಾಣಿಕರಾದರೂ ತಪ್ಪು ಮಾಡುತ್ತಾರೆ. ಕೇಳುವುದಕ್ಕೆ ಯಾವ ಕಾಲ ಸಲ್ಲದೆಂಬುದೂ ಕಲಿಯತಕ್ಕ ವಿದ್ಯೆಯೇ.

ಇಲ್ಲಿ ಒಂದು ಆಕ್ಷೇಪವನ್ನು ನಾನು ನಿರೀಕ್ಷಿಸುತ್ತೇನೆ. ಹರೇಕಳದ ಹಾಜಬ್ಬನವರಿಗೆ ಯಾರು ತರಬೇತಿ ಕೊಟ್ಟರು? ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ, ಶಾಲೆಯ ಮೆಟ್ಟಲನ್ನೇ ಹತ್ತದ ಅವರು, ಪರದೇಶದ ಗಿರಾಕಿಗಳು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಹೇಳಲಾರದೆ ನಾಚಿ, ತನ್ನ ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಹಟತೊಟ್ಟರು. ೨೦೦೦ನೆಯ ಇಸವಿಯ ಸುಮಾರಿಗೆ ಇಪ್ಪತ್ತೆಂಟು ಮಕ್ಕಳಿಂದ ಹರೇಕಳ ನ್ಯೂಪಡ್ಪಿನಲ್ಲಿ ಶಾಲೆ ಆರಂಭವಾಯಿತು. ೨೦೨೦ರಲ್ಲಿ ಅವರಿಗೆ ಪದ್ಮಶ್ರೀ ಘೋಷಿತವಾಯಿತು. ಈ ದೃಷ್ಟಾಂತವು ನನ್ನ ವಾದವನ್ನು ಮುರಿಯುವುದೆಂದು ಕೆಲವರು ಹೇಳಿಯಾರು. ಅಂಥವರು ಯುಗಕ್ಕೆ ಒಬ್ಬರು ಹುಟ್ಟುವರು. ಸಂಬಳದ ಕೆಲಸಕ್ಕೆ ಅರ್ಜಿ ಹಾಕಿ ಬರುವುದಿಲ್ಲ. ಹಾಜಬ್ಬನವರು ಕೈಯೊಡ್ಡಿದಾಗ ಅವರ ಜೀವಿತವೇ ಅವರ ರಶೀದಿಯಾಗಿತ್ತು. ನಮ್ಮ ಗುಮಾಸ್ತೆಯವರಿಗೆ ಕಾಗದದ ರಶೀದಿ ಪುಸ್ತಕವೇ ಬೇಕು, ಅದನ್ನು ಬರೆಯುವ ಕ್ರಮವೂ ತಿಳಿದಿರಬೇಕು.

ಅಮೇರಿಕದಲ್ಲಿ ಇದು ಒಂದು ವೃತ್ತಿಯೇ ಆಗಿದೆ. ಅಲ್ಲಿ ಹಳೆಯ ವಿದ್ಯಾರ್ಥಿ ಸಂಘಗಳ ಕೆಲಸ ನೋಡುವವರ ಒಂದು ಮಂಡಳಿಯು ೧೯೧೩ರಲ್ಲಿಯೂ, ಕಾಲೇಜುಗಳ ಸಮಾಚಾರ ಪ್ರಸಾರ ಮಾಡುವವರ ಇನ್ನೊಂದು ೧೯೧೭ರಲ್ಲಿಯೂ ಹುಟ್ಟಿ, ಎರಡೂ ೧೯೭೪ರಲ್ಲಿ ಕೂಡಿ 'ಕೇಸ್' ಎಂಬ ಸಂಸ್ಥೆಯಾದುವು. ಧನಸಂಗ್ರಹ ಮಾಡುವವರೂ, ಪತ್ರಿಕೆ ಹೊರಡಿಸುವವರೂ, ಹಳೆಯ ವಿದ್ಯಾರ್ಥಿಗಳೊಡನೆ ಸಂಬಂಧ ಇಟ್ಟುಕೊಳ್ಳುವವರೂ ಅದರ ಸಮ್ಮೇಳನಗಳಲ್ಲಿ ಸೇರಿ ಒಬ್ಬರಿಂದೊಬ್ಬರು ಕಲಿಯುವರು. ಇದನ್ನು ಇದ್ದಂತೆಯೇ ನಮ್ಮಲ್ಲಿಗೆ ತರಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಯನ್ನು ಫಲ ಬಿಡುವ ಅಡಿಕೆ ತೋಟದಂತೆ ವರ್ಷವರ್ಷವೂ ಅಳೆಯುತ್ತವೆ. ಅದು ನನಗೆ ಹಿಡಿಸುವುದಿಲ್ಲ. ಶಾಲೆಯಿಂದ ನನಗೆ ಬರುವ ಪತ್ರಗಳೆಲ್ಲವೂ ಹಣ ಕೇಳುವ ಪತ್ರಗಳೇ ಆದರೆ ನಾನು ಲಕೋಟೆಯನ್ನು ಒಡೆಯುವುದನ್ನೇ ಬಿಟ್ಟೇನು. ಆದರೆ ಬೇರೆ ಬೇರೆ ಶಾಲೆಯವರು ಒಂದೆಡೆ ಸೇರಿ ಕಲಿಯಬೇಕೆಂಬ ಅಂಶವು ಒಳ್ಳೆಯದು.

ನಮ್ಮಲ್ಲಿ ಅದು ಸಣ್ಣದಾಗಿ ಆಗಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹೈಸ್ಕೂಲುಗಳು ಕೂಡಿ, ಬೇಸಗೆ ರಜೆಯಲ್ಲಿ ಹತ್ತು ದಿನಗಳ ಒಂದು ಶಿಬಿರವನ್ನು ನಡೆಸಬಹುದು. ಪ್ರತಿಯೊಂದು ಶಾಲೆಯಿಂದ ಒಬ್ಬ ಗುಮಾಸ್ತೆ, ಒಬ್ಬ ಉಪಾಧ್ಯಾಯಿನಿ ಬರಲಿ. ಲೆಕ್ಕಪರಿಶೋಧಕರೊಬ್ಬರು ಎರಡು ದಿನ ಕಾನೂನನ್ನು ಹೇಳಲಿ. ವೃತ್ತಪತ್ರಿಕೆಯಲ್ಲಿ ಕೆಲಸ ಮಾಡಿದವರೊಬ್ಬರು, ಒಂದು ಪುಟದ ವಿಜ್ಞಾಪನೆಯನ್ನು ಹತ್ತು ಸಲ ತಿದ್ದಿಸಲಿ. ಪಿಗ್ಮಿ ಸಂಗ್ರಾಹಕರಾಗಿದ್ದು ನಿವೃತ್ತರಾದವರನ್ನು ಕರೆಯದೆ ಬಿಡಕೂಡದು. ಬಾಗಿಲು ತಟ್ಟುವ ವಿದ್ಯೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಕೊನೆಯ ದಿನ, ದಾನದ ಹಣದಿಂದ ಓದಿ ಈಗ ದುಡಿಯುತ್ತಿರುವ ಒಬ್ಬಳನ್ನು ಕರೆದು, ನೀನು ಏನನ್ನು ಓದಬಯಸುವೆ, ಏನನ್ನು ಬಯಸುವುದಿಲ್ಲವೆಂದು ಕೇಳಲಿ. ಮತ್ತು ಈ ಕೆಲಸವನ್ನು ಯಾರಿಗೆ ವಹಿಸುತ್ತೇವೆಯೋ ಅವರಿಗೆ ವಾರದಲ್ಲಿ ಒಂದು ದಿನವನ್ನು ಅದಕ್ಕಾಗಿಯೇ ಬಿಟ್ಟುಕೊಡಬೇಕು, ಸಂಬಳದ ಮೇಲೆ ಸ್ವಲ್ಪ ಹೆಚ್ಚಾಗಿಯೂ ಕೊಡಬೇಕು. ಕೂಡಿಸಿದ ಹಣದಲ್ಲಿ ಶೇಕಡಾ ಇಷ್ಟೆಂದು ಕಮಿಶನು ಮಾತ್ರ ಕೊಡಕೂಡದು. ಉಳಿತಾಯದ ಹಣಕ್ಕೆ ಅದು ಸಲ್ಲಬಹುದು; ದಾನದ ಹಣಕ್ಕೆ ಅದು ಸೇರಿದರೆ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದ ಹುಡುಗಿಯ ರಿಬ್ಬನು ಮತ್ತೊಮ್ಮೆ ಬಿಚ್ಚಿಹೋಗುವುದು.

'ಮಾಡು ಸೋರುತ್ತಿರುವಾಗ ಗುಮಾಸ್ತೆಯ ಪಾಠಕ್ಕೆ ಹಣವೇ? ನಾವು ಕೊಟ್ಟ ಪ್ರತಿಯೊಂದು ರೂಪಾಯಿಯೂ ಮಕ್ಕಳಿಗೇ ಸೇರಬೇಕು' ಎಂದು ದಾನಿಗಳು ಹೇಳುವುದುಂಟು. ನಾನೂ ಹಾಗೆ ಹೇಳಿದವಳೇ. ಆದರೆ ನಮ್ಮ ಶಾಲೆಯ ಮಾಡು ಈ ವರ್ಷ ಮಾತ್ರ ಸೋರುತ್ತಿರುವುದಲ್ಲವಷ್ಟೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗಲೂ ಅದೇ ಮೂಲೆಯಲ್ಲಿ ಬಕೆಟು ಇಟ್ಟಿದ್ದರು. ಆಗಲೂ ವಿಜ್ಞಾಪನೆ ಹೊರಟಿತ್ತು.

ಈ ಲೇಖನದೊಡನೆ ನಾನು ಎರಡು ಚೆಕ್ಕುಗಳನ್ನು ಲಗತ್ತಿಸಿದ್ದೇನೆ. ಒಂದು ಮಾಡಿನ ದುರಸ್ತಿಗೆ. ಇನ್ನೊಂದು ಗುಮಾಸ್ತೆಯವರ ತರಬೇತಿಗೆಂದು ಜೊತೆಯ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ. ಅದನ್ನು ಹೆಂಚಿಗೆ ಖರ್ಚುಮಾಡಕೂಡದು. ರಶೀದಿಗಳನ್ನು ಬೇರೆಬೇರೆಯಾಗಿ ಕಳುಹಿಸಬೇಕಾಗಿ ವಿನಂತಿ.